ನಮ್ಮ ಮನೆಯ ಮುಂದೆ ಬ್ಯಾಂಡು

ನಮ್ಮ ಬ್ಯಾಂಡಿನಲ್ಲಿ ಒಂದು ಕಟ್ಟಳೆಯಿದೆ. ಸಾವಾದ ಮನೆಯ ಮುಂದೆ ಒಂದು ವರ್ಷ ಬಾರಿಸುವಂತಿಲ್ಲ. ಮೆರವಣಿಗೆ ಎಷ್ಟೇ ಜೋರಾಗಿ ಬರುತ್ತಿರಲಿ, ಆ ಮನೆಗೆ ಎರಡು ಮನೆ ಇರುವಾಗಲೇ ನಿಲ್ಲಿಸಬೇಕು, ಎರಡು ಮನೆ ದಾಟಿದ ಮೇಲೆ ಮತ್ತೆ ಶುರು ಮಾಡಬೇಕು. ಅಲ್ಲಿಯ ತನಕ ದೊಡ್ಡ ಡ್ರಮ್ಮಿನವನು ಅದರ ಚರ್ಮದ ಮೇಲೆ ಅಂಗೈ ಒತ್ತಿ ಹಿಡಿದು ನಡೆಯುತ್ತಾನೆ, ಗಾಳಿಗೂ ಅದು ಗುಂಯ್ ಅನ್ನಬಾರದು. ಈ ಕಟ್ಟಳೆ ಮಾಡಿದವನು ಬೇರೆ ಯಾರೂ ಅಲ್ಲ, ನಾನೇ. ನಮ್ಮಪ್ಪ ತೀರಿಕೊಂಡ ಎಂಟನೇ ದಿನ ಪರ ಊರಿನ ಬ್ಯಾಂಡಿನವರು ನಮ್ಮ ಬಾಗಿಲ ಮುಂದೆ ಸಿನಿಮಾ ಹಾಡು ಹೊಡೆದುಕೊಂಡು ಹೋಗಿದ್ದರು. ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನನ್ನ ಸಿಟ್ಟು ಹಾಗೇ, ಬರುವುದಕ್ಕೆ ಹೊತ್ತು ಹಿಡಿಯುವುದಿಲ್ಲ, ಹೋಗುವುದಕ್ಕೆ ದಾರಿ ಸಿಗುವುದಿಲ್ಲ.

ನಾನು ಜಕ್ಕಪ್ಪ, ಚಿಮ್ಮಡದವನು. ನಾವು ಬೀರೇಶ್ವರನ ಒಕ್ಕಲು. ಡೊಳ್ಳು ನಮಗೆ ಹುಟ್ಟಿನಿಂದ ಬಂದದ್ದು, ಬ್ಯಾಂಡು ಮಾತ್ರ ನಮ್ಮಪ್ಪನ ಹುಚ್ಚು. ಮಿರಜಿಗೆ ಉಣ್ಣೆ ಮಾರಲು ಹೋದವನು ಹಳೆಯ ಹಿತ್ತಾಳೆ ವಾದ್ಯಗಳನ್ನು ಕಟ್ಟಿಸಿಕೊಂಡು ಬಂದ. ಈಗ ಒಂಬತ್ತು ಜನ ಇದ್ದೇವೆ, ಎಲ್ಲ ನಮ್ಮ ಮಂದಿಯೇ. ಮೂವರು ಕುರಿ ಕಾಯುತ್ತಾರೆ, ಒಬ್ಬ ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುತ್ತಾನೆ, ಉಳಿದವರು ಹೊಲ ಮನೆ ನೋಡಿಕೊಂಡಿದ್ದಾರೆ. ದೊಡ್ಡ ಡ್ರಮ್ಮು ನಾಮದೇವನದು. ಅವನ ಹೊಟ್ಟೆ ಎಲ್ಲಿ ಮುಗಿದು ಡ್ರಮ್ಮು ಎಲ್ಲಿ ಶುರುವಾಗುತ್ತದೆ ಎಂದು ದೂರದಿಂದ ಹೇಳುವುದು ಕಷ್ಟ. ನಾನು ಟ್ರಂಪೆಟ್ ಊದುತ್ತೇನೆ. ಹಾಡು ಎತ್ತುವವನು ನಾನೇ, ನಾನು ಎತ್ತದೆ ಉಳಿದವರು ಶುರು ಮಾಡುವುದಿಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ಊರುಗಳನ್ನು ಮುಳುಗಿಸುತ್ತಿದ್ದ ಕಾಲ ಅದು. ಆ ವರ್ಷದ ಶ್ರಾವಣದಲ್ಲಿ ನನ್ನ ಮಗಳು ಶೀತಲ್ ಹೋದಳು.

ತೇರದಾಳದ ಜೈನರ ಮನೆಯೊಂದರ ಮದುವೆಯಲ್ಲಿ ಊದುವಾಗ ಆ ಹೆಸರು ನನ್ನ ಕಿವಿಗೆ ಬಿದ್ದಿತ್ತು. ಮದುಮಗಳ ತಂಗಿಯನ್ನು ಯಾರೋ ಹಾಗೆ ಕರೆದಿದ್ದರು. ನನಗೆ ಹಿಡಿಸಿತು. ನಮ್ಮವ್ವ ಮಾತ್ರ ಸಾಯುವ ತನಕ "ಶೀತವ್ವಾ" ಎಂದೇ ಕೂಗಿದಳು, "ನಮ್ಮ ಮಂದ್ಯಾಗ ಇಂಥಾ ಹೆಸರ ಎಲ್ಲ್ಯಾರ ಕೇಳೀಯೇನಲೇ?" ಎಂದು ನನಗೆ ಬೈದಳು. ಹತ್ತೊಂಬತ್ತಾಗಿತ್ತು ಮಗಳಿಗೆ. ತೇರದಾಳದ ಶಿದ್ರಾಮಪ್ಪನ ಮಗ ಪರಮೇಶನಿಗೆ ಕೊಡುವುದೆಂದು ಮಾತಾಗಿ ಸಕ್ಕರೆ ಹಂಚಿದ್ದೆವು. ದೀಪಾವಳಿ ಮುಗಿದು ತುಳಸಿ ಲಗ್ನ ಆದ ಮೇಲೆ ಮದುವೆಯ ಅಕ್ಕಿಕಾಳು ಎಂದು ಮುಹೂರ್ತವೂ ನಿಂತಿತ್ತು. ಅಷ್ಟರಲ್ಲಿ ಕಾಮಣಿ ಆಯಿತು. ಬೇರಿನ ರಸ ಕುಡಿಸಿದೆವು, ಪಥ್ಯ ಮಾಡಿಸಿದೆವು. ಕಣ್ಣಿನ ಹಳದಿ ಇಳಿಯದೆ ಜಮಖಂಡಿಯ ದವಾಖಾನೆಗೆ ಒಯ್ದಾಗ ಡಾಕ್ಟರು, "ಇಷ್ಟು ದಿನ ಏನ್ ಮಾಡಿದ್ರಿ?" ಎಂದರು. ಹನ್ನೆರಡು ದಿನದಲ್ಲಿ ಎಲ್ಲ ಮುಗಿಯಿತು.

ನನಗೆ ಅಳು ಬರಲಿಲ್ಲ. ಮಣ್ಣು ಕೊಟ್ಟಾಗ ಬರಲಿಲ್ಲ, ಹನ್ನೊಂದನೇ ದಿನವೂ ಬರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿಸಿಕೊಂಡ ದವಡೆ ಇರುತ್ತದಲ್ಲ, ನಾನೂ ಹಾಗಿದ್ದೆ. ಮುಟ್ಟಿದರೆ ಇದೆ ಎಂದು ತಿಳಿಯುತ್ತದೆ, ನಮ್ಮದು ಎಂದು ಅನ್ನಿಸುವುದಿಲ್ಲ. ಹೆಂಡತಿ ಶಿವಗಂಗವ್ವ ಮೊದಲ ವಾರ ಅತ್ತಳು, ಆಮೇಲೆ ಅವಳೂ ಸುಮ್ಮನಾದಳು. ರೊಟ್ಟಿ ಬಡಿಯುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ನನಗೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಮಗಳ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದರೆ ಹೆಂಡತಿಯೂ ಉಳಿಯುವುದಿಲ್ಲ ಎಂದು ನನಗೆ ಭಯ. ಅವಳನ್ನಾದರೂ ಉಳಿಸಿಕೊಳ್ಳಬೇಕು, ಅದೊಂದೇ ನನ್ನ ತಲೆಯಲ್ಲಿತ್ತು.

ತುಳಸಿ ಲಗ್ನ ಮುಗಿದ ವಾರಕ್ಕೆ ಊರಲ್ಲಿ ಮೊದಲ ಮದುವೆ. ಸೂತಕ ಕಳೆದಿತ್ತು, ಬ್ಯಾಂಡಿಗೆ ಹೋಗಬಹುದು ಎಂದು ಹಿರಿಯರು ಹೇಳಿದರು. ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ಹೋದೆ. ಹಣಮಪ್ಪನ ಗುಡಿಯಿಂದ ಮದುಮಗನನ್ನು ಹಂದರಕ್ಕೆ ಕರೆತರುವ ದಾರಿ ನಮ್ಮ ಓಣಿಯದೇ, ಊರಲ್ಲಿ ಅಷ್ಟು ಅಗಲದ ದಾರಿ ಇನ್ನೊಂದಿಲ್ಲ. ನಮ್ಮ ಮನೆಗೆ ಎರಡು ಮನೆ ಇರುವಾಗ ನಾಮದೇವ ನನ್ನ ಮುಖ ನೋಡಿ ಡ್ರಮ್ಮಿನ ಮೇಲೆ ಅಂಗೈ ಇಟ್ಟ. ನಾನು ಟ್ರಂಪೆಟ್ ಇಳಿಸಿದೆ. ಚಪ್ಪಲಿಗಳ ಸದ್ದು ಮಾತ್ರ ಕೇಳುತ್ತಿತ್ತು. ನಮ್ಮ ಬಾಗಿಲು ಮುಚ್ಚಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ನಾನು ಮಾಡಿದ ಕಟ್ಟಳೆ ನನ್ನ ಬಾಗಿಲಿಗೇ ಬಂತು. ಆದರೂ ಒಳ್ಳೆಯದೇ ಅನ್ನಿಸಿತು. ನಮ್ಮವರು ಮರ್ಯಾದೆ ಬಲ್ಲವರು ಎಂದುಕೊಂಡೆ. ಸಂಜೆ ಮನೆಗೆ ಬಂದಾಗ ಶಿವಗಂಗವ್ವ ತಾಟು ಇಟ್ಟಳು. ಏನೂ ಕೇಳಲಿಲ್ಲ.

ಹೀಗೇ ದಿನ ನಡೆದವು. ರಬಕವಿಯಲ್ಲಿ ಸೀರೆ ಅಂಗಡಿಯ ಪೂಜೆಗೆ ಊದಿದೆ. ತೇರದಾಳದಲ್ಲಿ ಜೈನ ಮುನಿಗಳು ಊರಿಗೆ ಬಂದಾಗ ಎದುರುಗೊಳ್ಳಲು ಹೋಗಿ ಎರಡು ತಾಸು ಬಿಸಿಲಲ್ಲಿ ಊದಿದೆ. ಒಂದು ಸ್ವರ ತಪ್ಪಲಿಲ್ಲ. ಮೊದಲೆಲ್ಲ ಎತ್ತರದ ಸ್ವರಕ್ಕೆ ಹೋಗುವಾಗ ಎದೆ ಡವಡವ ಅನ್ನುತ್ತಿತ್ತು, ಈಗ ಅದೂ ಇಲ್ಲ. ಜನ ಭೇಷ್ ಎಂದರು. ಅವರ ಭೇಷು ತೆಗೆದುಕೊಂಡು ಹೋಗಿ ಬಾವಿಗೆ ಹಾಕಬೇಕು ಅನ್ನಿಸುತ್ತಿತ್ತು.

ಸುಗ್ಗಿಯ ಹೊತ್ತಿಗೆ ಬೀಳಗಿ ಕಡೆಯ ಒಂದು ಊರಿನಿಂದ ಕರೆ ಬಂತು. ಊರು ಮುಳುಗುತ್ತದೆ, ಬೀರಪ್ಪನ ಪಲ್ಲಕ್ಕಿಯನ್ನು ಹೊಸ ಜಾಗಕ್ಕೆ ಒಯ್ಯಬೇಕು, ನಮ್ಮ ದೇವರಿಗೆ ನಮ್ಮ ಮಂದಿಯ ಬ್ಯಾಂಡೇ ಬೇಕು ಎಂದರು. ಹೋದೆವು. ಅರ್ಧ ಊರು ಆಗಲೇ ಖಾಲಿ. ಬಾಗಿಲು, ಕಿಟಕಿ, ಜಂತಿ ಎಲ್ಲ ಕಿತ್ತುಕೊಂಡು ಹೋಗಿದ್ದರು. ಗೋಡೆಗಳು ಮಾತ್ರ ಬಾಯಿ ತೆರೆದು ನಿಂತಿದ್ದವು. ಪಲ್ಲಕ್ಕಿ ಎದ್ದಾಗ ಹೆಂಗಸರು ತಮ್ಮ ತಮ್ಮ ಹೊಸ್ತಿಲ ಜಾಗದ ಮಣ್ಣು ಸೆರಗಿಗೆ ಕಟ್ಟಿಕೊಂಡು ಅಳುತ್ತಿದ್ದರು. ನಾಮದೇವ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಜಕ್ಕಣ್ಣಾ, ಈ ಊರಾಗ ಎಲ್ಲಾ ಮನಿನೂ ಸತ್ತಾವು. ಎಲ್ಲೆಲ್ಲಿ ನಿಲ್ಲಸೂನು?"

"ಎಲ್ಲೂ ನಿಲ್ಲಸಬ್ಯಾಡ. ಸುಮ್ನ ಬಾರಸು," ಎಂದೆ.

ಊರ ಗಡಿ ದಾಟಿದ ಮೇಲೆ ಒಬ್ಬ ಮುದುಕ ನನ್ನ ಕೈ ಹಿಡಿದು, "ಏನ ಊದತೀಪಾ, ಕರುಳ ಕಿತ್ತ ಬಂದಂಗಾತು," ಎಂದು ಕಣ್ಣು ಒರೆಸಿಕೊಂಡ. ನಾನು ಊಟಕ್ಕೆ ಏನು ಮಾಡಿರಬಹುದು ಎಂದು ಯೋಚಿಸುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಬಂತು ಎಂದು ತಿಳಿಯಿತು, ಅಷ್ಟೇ. ಆ ಹೇಸಿಗೆಯೂ ಬಹಳ ಹೊತ್ತು ಇರಲಿಲ್ಲ.

ಹೋಳಿ ಹುಣ್ಣಿಮೆಯ ಮಾರನೇ ವಾರ ಶಿದ್ರಾಮಪ್ಪ ನನ್ನನ್ನು ಹುಡುಕಿಕೊಂಡು ಹೊಲಕ್ಕೇ ಬಂದ. ಮನೆಗೆ ಬರಲು ಅವನಿಗೆ ಮುಖ ಇರಲಿಲ್ಲ ಎಂದು ಕಾಣುತ್ತದೆ. ಬದುವಿನ ಮೇಲೆ ಕೂತು ಬಹಳ ಹೊತ್ತು ಟವೆಲು ಮಡಚಿದ, ಬಿಚ್ಚಿದ.

"ನಮ್ಮ ಪರಮೇಶಗ ಒಂದು ಹೆಣ್ಣ ಗೊತ್ತ ಮಾಡೇವ್ರಿ. ನಿಮ್ಮ ಊರಾಂವ ದಶರಥ ಅದಾನಲ್ರಿ, ಅವನ ಮಗಳು. ವೈಶಾಖದಾಗ ಲಗ್ನ, ಇಲ್ಲೇ ಚಿಮ್ಮಡದಾಗ."

"ಛಲೋ ಆತು ಬಿಡ್ರಿ," ಎಂದೆ.

"ನೀವು ಬ್ಯಾಡಂದ್ರ ಬನಹಟ್ಟಿಯಿಂದ ಬ್ಯಾರೆ ಬ್ಯಾಂಡ್ ಹೇಳತೇವ್ರಿ. ನಿಮ್ಮ ಮನಸ ನೋಯಿಸಿ ನಮಗೇನೂ ಆಗಬೇಕಾಗಿಲ್ಲ."

"ನಮ್ಮ ಮಂದಿ ಮದ್ವಿಗಿ ಬ್ಯಾರೆ ಬ್ಯಾಂಡ್ ಯಾಕ್ರಿ? ನಾವು ಸತ್ತೇವೇನು? ನಾವ ಬರತೇವಿ," ಎಂದೆ. ಸಿಟ್ಟಿನಲ್ಲಿ ಬಂದ ಮಾತು ಅದು. ಸಮಾಜದ ಯಾವ ಮದುವೆಗೂ ನಮ್ಮ ಬ್ಯಾಂಡು ಒಲ್ಲೆ ಎಂದದ್ದಿಲ್ಲ, ನನ್ನಿಂದ ಅದು ಶುರುವಾಗಬಾರದು ಎಂಬ ಸೊಕ್ಕೂ ಇತ್ತು. ಅವನು ಹೋದ ಮೇಲೆ ಶಿವಗಂಗವ್ವನ ನೆನಪಾಯಿತು.

ಅವಳಿಗೆ ಸುಳ್ಳು ಹೇಳಿದೆ. ದಶರಥನ ಮಗಳ ಮದುವೆ ಎಂದೆ. "ಗಂಡ ಯಾ ಊರಾವ?" ಎಂದು ಅಪರೂಪಕ್ಕೆ ಕೇಳಿದಳು. "ಬೀಳಗಿ ಕಡ್ಯಾವಂತ, ನನಗೂ ಪೂರಾ ಗೊತ್ತಿಲ್ಲ," ಎಂದು ಎಮ್ಮೆಗೆ ಮೇವು ಹಾಕಲು ಎದ್ದುಹೋದೆ. ನನ್ನ ಲೆಕ್ಕ ಸರಳ ಇತ್ತು. ಅವಳು ಯಾರ ಮನೆಗೂ ಹೋಗುವುದಿಲ್ಲ, ನಮ್ಮ ಬಾಗಿಲು ವರ್ಷ ತುಂಬುವ ತನಕ ಮೆರವಣಿಗೆಗೆ ತೆರೆಯುವುದಿಲ್ಲ. ಹೇಗೂ ಅಲ್ಲಿ ಬ್ಯಾಂಡು ನಿಂತಿರುತ್ತದೆ. ನಾವು ಐದು ಮನೆಯಷ್ಟು ದೂರ ಬಾಯಿ ಮುಚ್ಚಿಕೊಂಡು ನಡೆದುಬಿಟ್ಟರೆ ಮುಗಿಯಿತು. ಮದುಮಗ ಯಾರು ಎಂದು ಅವಳಿಗೆ ತಿಳಿಯುವುದೇ ಬೇಡ.

ಮದುವೆಯ ದಿನ ಹಣಮಪ್ಪನ ಗುಡಿಯ ಮುಂದೆ ಪರಮೇಶ ಬಾಸಿಂಗ ಕಟ್ಟಿಕೊಂಡು ನಿಂತಿದ್ದ. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು ಅವನಿಗೆ ಅವಕಾಶ ಕೊಡದೆ ಹಾಡು ಎತ್ತಿದೆ. ಚೆನ್ನಾಗಿಯೇ ಬಂತು. ಈ ಹುಡುಗ ನನ್ನ ಅಳಿಯನಾಗಬೇಕಿತ್ತು ಎಂದು ನನಗೆ ನಾನೇ ಹೇಳಿ ನೋಡಿಕೊಂಡೆ. ಏನೂ ಆಗಲಿಲ್ಲ. ಬೇರೆ ಯಾರದೋ ಸುದ್ದಿ ಕೇಳಿದ ಹಾಗಿತ್ತು.

ನಮ್ಮ ಓಣಿಗೆ ಬಂದೆವು. ಎರಡು ಮನೆ ಇರುವಾಗ ನಾಮದೇವನ ಅಂಗೈ ಡ್ರಮ್ಮಿನ ಮೇಲೆ ಹೋಯಿತು, ಎಲ್ಲ ನಿಂತಿತು. ಬರೀ ಹೆಜ್ಜೆ ಸದ್ದಿನಲ್ಲಿ ನಮ್ಮ ಮನೆಯ ಮುಂದೆ ಬಂದಾಗ ಬಾಗಿಲ ಚಿಲಕ ಸರಿಯಿತು.

ಶಿವಗಂಗವ್ವ ತಲೆಯ ಮೇಲೆ ಸೆರಗು ಹೊದ್ದು ತಂಬಿಗೆ ಹಿಡಿದು ಹೊರಗೆ ಬಂದಳು. ಮೆರವಣಿಗೆ ತಾನಾಗಿ ನಿಂತಿತು. ಅವಳು ಪರಮೇಶನನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ನಾಮದೇವನ ಕಡೆ ತಿರುಗಿ, "ಯಾಕ ನಿಲ್ಲಿಸಿದ್ರಿ?" ಎಂದಳು.

"ಕಟ್ಟಳಿ ಐತೆಲ್ರಿ ವೈನಿ," ಎಂದ ನಾಮದೇವ. "ನಿಮ್ಮ ಸಲುವಾಗಿನ..."

"ನನ್ನ ಸಲುವಾಗಿ? ನನ್ನ ಯಾರ ಕೇಳೀರಿ?" ಅವಳ ದನಿ ಏರಲಿಲ್ಲ. "ಈ ವರ್ಷ ಹದಿನೇಳ ಸಲ ನಿಲ್ಲಿಸೀರಿ, ನನ್ನ ಬಾಗಲಾ ಮುಂದ. ದೂರಿಂದ ಬಾರಸ್ಕೋತ ಬರತೀರಿ. ನಾ ಒಳಗ ರೊಟ್ಟಿ ಬಡೀತಿರತೇನಿ, ಒಂದ ಗಳಿಗಿ ಎಲ್ಲಾ ಮರತಿರತೇನಿ. ನನ್ನ ಮನಿ ಬಂತಂದ್ರ ಗಪ್ಪಂತ ನಿಲ್ಲಸ್ತೀರಿ. ಆವಾಗ ನನ್ನ ಮಗಳ ಮತ್ತ ಸಾಯ್ತಾಳ. ಹದಿನೇಳ ಸಲ ಸತ್ತಾಳ ನನ್ನ ಮಗಳು, ನಿಮ್ಮ ಮರ್ಯಾದಿ ಸಲುವಾಗಿ."

ಹಿಂದಿನಿಂದ ಒಬ್ಬ ಹೆಂಗಸು, ಸಾವಾದ ಮನೆಯ ನೀರು ಮದುಮಗನಿಗೆ ಬೇಡ ಎಂದು ಗೊಣಗಿದ್ದು ಕೇಳಿತು. ಪರಮೇಶ ತಾನೇ ಎರಡು ಹೆಜ್ಜೆ ಮುಂದೆ ಬಂದು ಅವಳ ಮುಂದೆ ನಿಂತ. ಶಿವಗಂಗವ್ವ ಬಗ್ಗಿ ಅವನ ಕಾಲಿಗೆ ನೀರು ಹಾಕಿದಳು.

"ನಿನಗೇನೂ ಅನ್ನಾಂಗಿಲ್ಲೋ ಯಪ್ಪಾ. ಅಕಿನ್ನ ಛಲೋ ನೋಡ್ಕೋ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಬೀಳಗಿ ಕಡ್ಯಾವಂತ! ಹೋಳಿಯಿಂದ ನನಗ ಎಲ್ಲಾ ಗೊತ್ತೈತಿ. ಊರಾಗ ನಿಮಗೊಬ್ಬರಿಗೆ ಬಾಯಿ ಐತೇನು? ಹಿಡೀರಿ ಅದನ್ನ. ಊದ್ರಿ."

ಟ್ರಂಪೆಟ್ ತುಟಿಗೆ ಇಟ್ಟೆ. ಉಸಿರು ಹೋಯಿತು, ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಊದಿದೆ, ಬರೀ ಗಾಳಿ ಬಂತು. ತುಟಿ ನಡುಗುತ್ತಿತ್ತು. ತುಟಿ ಬಿಗಿಯಾಗದೆ ಟ್ರಂಪೆಟ್ ನುಡಿಯುವುದಿಲ್ಲ, ಅಳುವವನಿಗೆ ತುಟಿ ಬಿಗಿಯಾಗುವುದಿಲ್ಲ. ನಾನು ಅಳುತ್ತಿದ್ದೇನೆ ಎಂದು ನನಗೆ ತಿಳಿದದ್ದು ಹಾಗೆ. ಇಪ್ಪತ್ತೆಂಟು ವರ್ಷ ಊದಿದ ಬಾಯಿ ಅದು. ಅಷ್ಟು ಜನರ ಮುಂದೆ, ಕೆಂಪು ಕೋಟಿನಲ್ಲಿ, ನನ್ನ ಬಾಯಿಂದ ಎಂಥದೋ ಸದ್ದು ಬಂತು. ಅದು ಯಾವ ಹಾಡೂ ಆಗಿರಲಿಲ್ಲ.

ನಾಮದೇವ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಡ್ರಮ್ಮಿನ ಮೇಲಿಂದ ಅಂಗೈ ತೆಗೆದು, ನನ್ನ ಸನ್ನೆಗೆ ಕಾಯದೆ, ಜೋರಾಗಿ ಒಂದು ಪೆಟ್ಟು ಹಾಕಿದ. ಕ್ಲಾರಿನೆಟ್ಟಿನ ಮುತ್ತಣ್ಣ ಹಾಡು ಎತ್ತಿದ. ಬ್ಯಾಂಡು ನಮ್ಮ ಮನೆಯ ಮುಂದೆಯೇ ನಿಂತು ಒಂದು ಹಾಡು ಪೂರ್ತಿ ಬಾರಿಸಿತು, ಆಮೇಲೆ ಮದುಮಗನನ್ನು ಕರೆದುಕೊಂಡು ಹಂದರದ ಕಡೆ ಹೋಯಿತು. ನಾನು ಹೋಗಲಿಲ್ಲ.

ಕಟ್ಟೆಯ ಮೇಲೆ ಕೂತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಒಂಬತ್ತು ತಿಂಗಳ ಅಳು, ಬೇಗ ಮುಗಿಯುವಂಥದಲ್ಲ. ಶಿವಗಂಗವ್ವ ಖಾಲಿ ತಂಬಿಗೆ ಪಕ್ಕಕ್ಕಿಟ್ಟು ನನ್ನ ಹತ್ತಿರ ಕೂತಳು. ದೂರದಲ್ಲಿ ಬ್ಯಾಂಡು ಕೇಳುತ್ತಲೇ ಇತ್ತು, ಟ್ರಂಪೆಟ್ ಇಲ್ಲದೆ ಬಿಕೋ ಎನ್ನುತ್ತಿತ್ತು.

"ಶೀತಲ್ ಇದ್ದಿದ್ರ ನಿಮ್ಮನ್ನ ನೋಡಿ ನಕ್ಕ ಸಾಯ್ತಿದ್ಲು," ಎಂದಳು. "ಕ್ವಾಟ ಹಾಕ್ಕೊಂಡ ಹಿಂಗ ಅಳೂದ ನೋಡಿ."

"ಹೌದು, ಶೀತಲ್ ನಗತಿದ್ಲು," ಎಂದೆ.