ಬರೆದವರ ಹೆಸರಿಲ್ಲದ ಹಾಳೆ

ಬಸ್ಸಿನ ಬಾಗಿಲು ಬುಸ್ಸೆಂದು ಮುಚ್ಚಿತು, ಯಾರೋ ಓಡಿಬಂದರೆಂದು ಮತ್ತೆ ತೆರೆಯಿತು — ತೆರೆಯುವುದಕ್ಕೊಂದು ಖರ್ಚು, ಮುಚ್ಚುವುದಕ್ಕೊಂದು ಖರ್ಚು, ಹೊರಗಿನ ಒಬ್ಬನಿಗಾಗಿ ಕಾದರೆ ಒಳಗಿನ ಅಷ್ಟೂ ಜನರ ಹೊತ್ತು ಖರ್ಚು, ಕಂಪ್ಯೂಟರಿನ ಹೊಟ್ಟೆಯೊಳಗೆ ಕೈಯಾಡಿಸುತ್ತಲೇ ತಲೆ ನರೆತವಳಿಗೆ ಬಸ್ಸಿನಲ್ಲಿ ಕೂತರೂ ಇದೇ ಲೆಕ್ಕ. ಪ್ರೋಗ್ರಾಮಿನೊಳಗೆ ನುಸುಳಿದ ಆ ತಪ್ಪು ಬದಲಾವಣೆಯನ್ನು ಈಗ ವಾಪಸ್ಸು ತೆಗೆದರೆ ಏನು ಹೋಗುತ್ತದೆ, ಒಂದು ಹೊತ್ತಿನ ಕೆಲಸ, ಅದನ್ನು ನೆಚ್ಚಿಕೊಂಡು ಬರೆದ ಇಬ್ಬರು ಮೂವರ ಬೈಗುಳ. ಹೊಸ ಆವೃತ್ತಿಯ ಬಿಡುಗಡೆಯನ್ನೇ ಮುಂದೂಡಿದರೆ, ಎಲ್ಲೆಲ್ಲೋ ಕೂತು, ಹೊಟ್ಟೆಪಾಡಿನ ಕೆಲಸ ಮುಗಿಸಿ, ಮಕ್ಕಳಿಗೆ ಉಣಿಸಿ, ಉಳಿದ ಹೊತ್ತಿನಲ್ಲಿ ಪುಕ್ಕಟೆ ದುಡಿದವರ ಬೇಸರ. ಹಾಗೇ ಬಿಟ್ಟರೆ — ಹಾಗೇ ಬಿಟ್ಟರೆ ಯಾವುದೋ ರಕ್ತನಿಧಿಯಲ್ಲಿ ಫ್ರಿಜ್ಜಿನ ಉಷ್ಣತೆಯನ್ನು ಬರೆದಿಡುವ ಯಂತ್ರ ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುತ್ತದೆ, ಪರೀಕ್ಷೆಗೆಂದು ಕೊಟ್ಟ ಪ್ರತಿಯಲ್ಲಿ ಹೋದ ವಾರ ನಿಂತೇ ಬಿಟ್ಟಿತ್ತು, ಯಾರೋ ಪುಣ್ಯಾತ್ಗಿತ್ತಿ ನರ್ಸ್ ಕಣ್ಣಿಗೆ ಬಿತ್ತು, ರಕ್ತ ಉಳಿಯಿತು. ಇವಿಷ್ಟೂ ಎಣಿಸಬಹುದಾದ ಖರ್ಚು. ತನಗೆ ಈ ಕೆಲಸ ಕಲಿಸಿದ ಮೇಷ್ಟ್ರ ಎದುರು ಕೂತು, ಮೇಷ್ಟ್ರೇ ಈ ತಪ್ಪು ನಿಮ್ಮದು, ಇನ್ನು ಮುಂದೆ ನೀವು ಬರೆಯಬೇಡಿ ಎಂದು ಹೇಳುವುದಕ್ಕೆ ಎಷ್ಟು ಬೀಳುತ್ತದೆ, ಅದೊಂದು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ.

ಮಡಿಲಲ್ಲಿ ಫೋನು ಗುರ್ರೆಂದಿತು, ಗಡಿಯಾರವೇ ಇರಬೇಕು, ಬಿಡುಗಡೆಗಳನ್ನು ನೋಡಿಕೊಳ್ಳುವ ಆ ಹುಡುಗನಿಗೆ ಈ ಹೆಸರು ಬಿದ್ದದ್ದೇ ಅವನ ಈ ಟಿಕ್‌ಟಿಕ್‌ನಿಂದ, ಅಕ್ಕಾ ಎಲ್ಲಿದ್ದೀಯಾ, ಸಂಜೆ ಬಿಡ್ಬೇಕು, ಮೇಷ್ಟ್ರ ಹತ್ರ ನೀನು ಮಾತಾಡ್ತೀಯೋ ಇಲ್ಲ ನಾನೇ ಎಲ್ಲರ ಮುಂದೆ ಎತ್ತಲೋ. ಎಲ್ಲರ ಮುಂದೆ ಎಂದರೆ ನಿಜವಾಗಿಯೂ ಎಲ್ಲರ ಮುಂದೆ, ಅವರದು ಯಾವ ಕಂಪನಿಯ ಸ್ವತ್ತೂ ಅಲ್ಲದ ಆಪರೇಟಿಂಗ್ ಸಿಸ್ಟಮ್, ಅದರ ನಡುವಿನ ತಿರುಳು, ಕರ್ನೆಲ್, ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ತೆರೆದು ಓದಬಹುದು, ಯಾರು ಯಾವತ್ತು ಯಾಕೆ ಬರೆದರು, ಯಾರು ಯಾಕೆ ತೆಗೆದರು ಎಂಬುದನ್ನೂ, ಅಲ್ಲಿ ಬಿದ್ದ ಮಾತನ್ನು ಯಾರೂ ಅಳಿಸುವ ಹಾಗಿಲ್ಲ. ಬರ್ತಿದೀನಿ ಕಣೋ, ಬಸ್ಸಲ್ಲಿದೀನಿ, ಬಸ್ಸಿಗೆ ನಿನ್ನ ಬಿಡುಗಡೆ ಗೊತ್ತಿಲ್ಲ ಎಂದು ಬರೆದಳು, ಕಳಿಸಿದಳು, ನಗು ಬರಲಿಲ್ಲ. ಕೈಚೀಲದಲ್ಲಿ ಆ ಬದಲಾವಣೆಯ ಅಚ್ಚು ಹಾಕಿಸಿದ ಹಾಳೆ ಇದೆ, ತಲೆಭಾಗವನ್ನು ಕತ್ತರಿಯಲ್ಲಿ ಕತ್ತರಿಸಿದ್ದಾಳೆ, ಅಲ್ಲಿ ಮೇಷ್ಟ್ರ ಹೆಸರಿತ್ತು — ಕತ್ತರಿಸುವಾಗ ಗಂಡ ನೋಡಿ, ಏನೇ ಇದು, ಪೇಪರ್ ಗೊಂಬೆ ಮಾಡೋ ವಯಸ್ಸಾ ಎಂದ, ಏನೆಂದು ಹೇಳುವುದು, ಮೇಷ್ಟ್ರಿಗೆ ಅವರದೇ ತಪ್ಪನ್ನು ಬೇರೆ ಯಾರದೋ ಎಂಬಂತೆ ತೋರಿಸಿ, ವಾಪಸ್ಸು ತೆಗೆಯೋಣ ಎಂದು ಅವರ ಬಾಯಲ್ಲೇ ಹೇಳಿಸಿ, ನೋವಾಗದ ಹಾಗೆ ಎದ್ದು ಬರುವ ಹೂಟ ಎಂದೇ. ತಪ್ಪು ಅವಳದೂ ಹೌದು, ಕಣ್ಣಿನ ಪೊರೆ ತೆಗೆಸಿಕೊಂಡು ಪರದೆ ನೋಡದೆ ಮಲಗಿದ್ದ ದಿನಗಳಲ್ಲೇ ಇದು ನುಸುಳಿದ್ದು, ಇಲ್ಲದಿದ್ದರೆ ಹಿಂದಿನವುಗಳ ಹಾಗೆ ಇದನ್ನೂ ಮೇಷ್ಟ್ರ ಹಿಂದೆಯೇ ಹೋಗಿ ಸದ್ದಿಲ್ಲದೆ ಸರಿಮಾಡಿಬಿಡುತ್ತಿದ್ದಳು, ಕಾರಣದ ಜಾಗದಲ್ಲಿ ಅಕ್ಷರದೋಷ ತಿದ್ದುಪಡಿ ಎಂದು ಬರೆದು, ಊಟವಾದ ಮೇಲೆ ಚೆಲ್ಲಿದ್ದನ್ನು ಒರೆಸುವ ಹಾಗೆ.

ಇಳಿಯಬೇಕಾದ ನಿಲ್ದಾಣ, ಬೀಗ ರಿಪೇರಿಯವನ ಅಂಗಡಿ, ಔಷಧಿ ಅಂಗಡಿ, ಆಮೇಲೆ ಆ ಕಿರಿದಾದ ಮೆಟ್ಟಿಲು, ಪಕ್ಕದ ಕಂಬಿಯ ಕಬ್ಬಿಣ ತಣ್ಣಗೆ — ಮೊದಲ ಸಲ ಹತ್ತಿದಾಗ ಹೊಟ್ಟೆಯಲ್ಲಿ ಮಗಳಿದ್ದಳು, ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತು, ಅಯ್ಯೋ ಈ ಸ್ಥಿತೀಲಿ ಮೂರು ಮಹಡಿ ಹತ್ತಿಸಿದ್ರಾ, ಇವರಿಗೆ ಮನುಷ್ಯರು ಅಂದ್ರೆ ಯಂತ್ರಕ್ಕೆ ಸಿಕ್ಕಿಸೋ ಬಿಡಿಭಾಗ ಎಂದು ಗಂಡನನ್ನು ಬೈದಿದ್ದರು. ಆವತ್ತು ಮೇಷ್ಟ್ರು ಬೀಗದ ಪಾಠ ಹೇಳಿದ್ದು, ಪುಸ್ತಕ ತೆರೆಯದೆ, ಒಂದು ಕೆಲಸ ಹಿಡಿದಿರುವುದಕ್ಕೆ ಇನ್ನೊಂದು ಕೈಹಾಕದಂತೆ ಪ್ರೋಗ್ರಾಮಿನೊಳಗೆ ಹಾಕುವ ಬೀಗ. ಸ್ನಾನದ ಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕ್ಕೊಂಡೆ ಅನ್ನು, ಆಮೇಲೆ ಟವೆಲ್ ಕೊಡಿ ಅಂತ ಕೂಗಿದೆ, ಹೊರಗಿರೋಳು ಬಾಗಿಲು ತೆಗೆದ್ರೆ ಕೊಡ್ತೀನಿ ಅಂತಾಳೆ, ನೀನು ಟವೆಲ್ ಕೊಟ್ರೆ ತೆಗೀತೀನಿ ಅಂತೀಯ, ಇಬ್ಬರೂ ಮರ್ಯಾದಸ್ಥರು, ಇಬ್ಬರೂ ಸಾಯೋತನಕ ಕಾಯ್ತೀರಿ, ಯಂತ್ರ ನಿಲ್ಲೋದು ಅಂದ್ರೆ ಇಷ್ಟೇ ಕಣಮ್ಮ, ಚಿಲಕ ಹಾಕೋಕೆ ಮುಂಚೆ ಟವೆಲ್ ತಗೊಂಡು ಹೋಗು. ಹೇಳುತ್ತ ಹೇಳುತ್ತ ಅವರ ತೋರುಬೆರಳು ಅವಳು ಬರೆದ ಸಾಲುಗಳ ಕೆಳಗೆ ಓಡುತ್ತಿತ್ತು, ಸರಿಯಿದ್ದಲ್ಲಿ ನಿಲ್ಲುತ್ತಿರಲಿಲ್ಲ, ತಪ್ಪಿದ್ದಲ್ಲಿ ಬೈಯುತ್ತಲೂ ಇರಲಿಲ್ಲ, ಬೆರಳು ಅಲ್ಲೇ ನಿಂತುಬಿಡುತ್ತಿತ್ತು, ಅವಳಿಗೇ ಕಾಣುವತನಕ. ಅಂದಿನಿಂದ ಇಂದಿನವರೆಗೂ ಅವಳು ಏನೇ ಬರೆದರೂ ಮೊದಲು ಹುಡುಕುವುದು ಆ ಬೆರಳು ಎಲ್ಲಿ ನಿಲ್ಲುತ್ತದೆ ಎಂದೇ, ಮಿಕ್ಕವರು ಒಪ್ಪಲಿ ಬಿಡಲಿ.

ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿಯೇ, ಕೈ ಒದ್ದೆ, ದನಿ ಸಣ್ಣದು, ಬಾಮ್ಮ, ಬೆಳಿಗ್ಗೆಯಿಂದ ಎರಡು ಸಲ ಸ್ನಾನ ಆಯ್ತು ಇವರದು, ಆಗಲೇ ಆಯ್ತಲ್ಲ ಅಂದ್ರೆ ನನ್ನ ಸ್ನಾನದ ಲೆಕ್ಕ ನಿನಗ್ಯಾಕೆ ಅಂತಾರೆ, ನೀನು ಬರ್ತೀಯ ಅಂತ ಹೇಳಿದೀನಿ, ಮತ್ತೆ ಹೇಳಿದೀನಿ. ಒಳಗಿನಿಂದ ಮೇಷ್ಟ್ರ ದನಿ, ಯಾರು, ಅವಳಾ, ಕಣ್ಣು ಹೇಗಿದೆಯಮ್ಮ, ಈಗಲಾದ್ರೂ ನನ್ನ ಸುಕ್ಕು ಕಾಣತ್ತಾ — ಎಷ್ಟು ಚೆನ್ನಾಗಿ ನೆನಪಿದೆ ಕಣ್ಣಿನ ವಿಷಯ, ಮರೆವು ಗಿರೆವು ಎಲ್ಲ ತನ್ನ ಭ್ರಮೆಯೇ ಇರಬೇಕು, ಒಂದು ತಪ್ಪು ಯಾರಿಗೆ ಆಗುವುದಿಲ್ಲ, ಇಷ್ಟಕ್ಕೆ ಹಾಳೆ ಕತ್ತರಿಸಿಕೊಂಡು ಬಂದೆನಲ್ಲ ಎನಿಸಿತು. ಕಿಟಕಿಯ ಬಿಸಿಲು ನೇರ ಮೇಜಿನ ಮೇಲೆ, ಮೇಜಿನ ಕೆಳಗೆ ಹೊದಿಕೆ ಕಳಚಿದ ಮೂರು ಯಂತ್ರಗಳು ಬಿಸಿಗಾಳಿ ಬಿಡುತ್ತಿವೆ, ಒಂದರ ಮೇಲೆ ಮೇಷ್ಟ್ರ ಸಾಕ್ಸ್ ಒಣಗುತ್ತಿದೆ. ಇದನ್ನೊಂದು ನೋಡಿ ಮೇಷ್ಟ್ರೇ ಎಂದು ಹಾಳೆ ಇಟ್ಟಳು. ಕನ್ನಡಕ ಸಿಕ್ಕಿತು, ಬೆರಳು ಹಾಳೆಯ ಮೇಲಕ್ಕೆ ಬಂತು, ಓಡಿತು, ಮೊದಲಿನ ವೇಗ, ಮೊದಲಿನ ಸದ್ದು, ಉಗುರು ಕಾಗದಕ್ಕೆ ತಾಗುವ ಸರಸರ, ನಡುವೆ ಒಂದೆಡೆ ನಿಂತಿತು. ಚಿಲಕ ಹಾಕ್ಕೊಂಡು ಟವೆಲ್ ಕೇಳ್ತಿದಾನಲ್ಲ ಇವನು, ಕಡತಗಳ ಪಟ್ಟಿಯ ಬೀಗ ಕೈಯಲ್ಲಿ ಇಟ್ಕೊಂಡೇ ಯಂತ್ರದ ನೆನಪಲ್ಲಿ, ಮೆಮೊರೀಲಿ, ಜಾಗ ಕೇಳ್ತಾನೆ, ಜಾಗ ಕೊಡೋನು ಇರು ಡಿಸ್ಕಿಗೆ ಒಂದಿಷ್ಟು ಬರೆದು ಖಾಲಿ ಮಾಡ್ತೀನಿ ಅಂತಾನೆ, ಬರೆಯೋಕೆ ಅದೇ ಬೀಗ ಬೇಕು, ಮುಗೀತು ಕತೆ. ಯಂತ್ರದಲ್ಲಿ ಜಾಗ ಧಾರಾಳವಾಗಿದ್ರೆ ಗೊತ್ತೇ ಆಗಲ್ಲ, ತುಂಬ್ತಾ ಬಂದಾಗ ನಿಲ್ಲತ್ತೆ, ಎಲ್ಲಾದ್ರೂ ನಿಂತಿದೆಯಾ? ನಿಂತಿದೆ ಮೇಷ್ಟ್ರೇ, ರಕ್ತನಿಧಿಯಲ್ಲಿ. ಅಯ್ಯಯ್ಯೋ ಎಂದರು, ವಾಪಸ್ಸು ತೆಗೀರಿ ಮೊದಲು, ಇವತ್ತೇ ತೆಗೀರಿ. ಆಯಿತು, ಅವಳು ಬಂದ ಕೆಲಸ ಆಯಿತು, ಇಷ್ಟು ಸುಲಭವೇ, ಎರಡು ದಿನ ನಿದ್ದೆಗೆಟ್ಟು ಮಾಡಿದ ಎಣಿಕೆ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಯಿತು, ಹಾಳೆ ತೆಗೆದುಕೊಳ್ಳಲು ಕೈ ಚಾಚಿದಳು, ಬೆರಳು ಹಾಳೆ ಬಿಡಲಿಲ್ಲ.

ಬರೆದಿದ್ದು ಯಾರಮ್ಮ? ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು, ಉತ್ತರವೂ ನಾಲಿಗೆಯ ತುದಿಯಲ್ಲಿತ್ತು, ನಂದೇ ಮೇಷ್ಟ್ರೇ, ಕಣ್ಣಿನ ಗಲಾಟೆಯಲ್ಲಿ ತಪ್ಪಿತು ಎಂದಳು. ಅವರು ತಲೆಯೆತ್ತಿ ನೋಡಿದರು, ಹಳೆಯ ನೋಟ, ನಿಂದಲ್ಲ ಬಿಡು, ನೀನು ಬೀಗ ಹಾಕೋ ಕಡೆಯೆಲ್ಲ ಯಾಕೆ ಹಾಕಿದೆ ಅಂತ ಒಂದು ಸಾಲು ವಿವರ ಬರೆದೇ ಬರೀತೀಯ, ಸುಳ್ಳು ಹೇಳೋಕೆ ಬರಲ್ಲ ನಿನಗೆ. ಗಡಿಯಾರದ್ದೂ ಅಲ್ಲ, ಅವನಿಗೆ ಇಷ್ಟು ತಾಳ್ಮೆ ಎಲ್ಲಿದೆ, ಇದು ಯಾರೋ ಸಾವಕಾಶದ ಮನುಷ್ಯ, ಸಾಲುಗಳೊಳಗೆ ಇಟ್ಟಿರೋ ಹೆಸರುಗಳನ್ನ ನೋಡು, ಗಿಡ್ಡ ಗಿಡ್ಡ, ಹಳೇ ಕಾಲದೋನು — ಬೇಡ ಮೇಷ್ಟ್ರೇ, ಯಾರದಾದರೇನು, ಟೀ ಆರುತ್ತಿದೆ ಎಂದಳು, ಟೀ ಇನ್ನೂ ಬಂದೇ ಇರಲಿಲ್ಲ. ಬೆರಳು ಮತ್ತೆ ಹೊರಟಿತು, ಈ ಸಲ ತಪ್ಪಿನ ಹಿಂದೆ ಅಲ್ಲ, ತಪ್ಪು ಮಾಡಿದವನ ಹಿಂದೆ, ಅವಳಿಗೆ ಅದನ್ನು ಹಿಡಿದು ನಿಲ್ಲಿಸಬೇಕೆನಿಸಿತು, ಕಿಟಕಿಯಾಚೆ ಯಾರೋ ಚಾಪೆ ಕೊಡವುತ್ತಿದ್ದರು, ಧಪ್ ಧಪ್, ಆ ಸಾಲಿಗೆ ಬರದಿರಲಿ, ಕೆಳಗಿಂದ ಮೂರನೆಯ ಸಾಲು, ಅದನ್ನು ಯಾಕೆ ಕತ್ತರಿಸಲಿಲ್ಲ ನಾನು, ಹೆಸರನ್ನಷ್ಟೇ ಕತ್ತರಿಸಿದೆ, ದಡ್ಡಿ. ಬಂತು. ನಿಂತಿತು. ಕೊನೆಯಿಂದ ಹಿಂದಕ್ಕೆ ಎಣಿಸಿದಾನೆ ನೋಡು ಎಂದರು ಮೇಷ್ಟ್ರು, ದನಿ ನಿಧಾನ, ಎಲ್ಲರೂ ಸೊನ್ನೆಯಿಂದ ಮೇಲಕ್ಕೆ ಹೋಗ್ತಾರೆ, ಇವನು ಮೇಲಿಂದ ಸೊನ್ನೆಗೆ ಇಳೀತಾನೆ, ನಮ್ಮ ಕಾಲದ ಯಂತ್ರಗಳಲ್ಲಿ ಸೊನ್ನೆಗೆ ಹೋಲಿಸೋದು ಅಗ್ಗ, ಒಂದು ಹೆಜ್ಜೆ ಉಳೀತಿತ್ತು, ಈಗ ಯಾರಿಗೂ ಬೇಕಿಲ್ಲ, ಕೈಗೆ ಅಭ್ಯಾಸ ಆಗಿದ್ರೆ ಮಾತ್ರ ಹಾಗೆ ಬರೆಯೋದು. ನಮ್ಮಲ್ಲಿ ಹಿಂದಕ್ಕೆ ಎಣಿಸೋರು ಯಾರಿದಾರಮ್ಮ? ಟ್ರೇ ಹಿಡಿದ ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ಇದು ನಾನಾ?

ಹೌದು ಎಂದಳು, ಸುತ್ತಿಬಳಸುವ ದಾರಿಯೆಲ್ಲ ಮುಗಿದಿತ್ತು, ಹೌದು ಮೇಷ್ಟ್ರೇ, ನೀವೇ. ಬರೆದದ್ದು ಒಂಚೂರೂ ನೆನಪಿಲ್ಲ ಎಂದರು ಅವರು, ಅವಳಿಗಲ್ಲ, ಹಾಳೆಗೆ. ಇದೇ ಮೊದಲಾ? ಅಲ್ಲ. ಮತ್ತೆ ಅವುಗಳಿಂದ ಯಂತ್ರ ಯಾಕೆ ನಿಲ್ಲಲಿಲ್ಲ, ಯಾರು ಸರಿ ಮಾಡಿದ್ರು, ನೀನಾ, ಕಾರಣ ಏನಂತ ಬರೆದೆ? ಅಕ್ಷರದೋಷ ಅಂತ. ಆಗ ಸಿಟ್ಟು ಬಂತು ಮೇಷ್ಟ್ರಿಗೆ, ತಮ್ಮ ತಪ್ಪಿಗೆ ಬಾರದ ಸಿಟ್ಟು, ಕಿವಿ ಕೆಂಪಾಯಿತು, ಅಲ್ಲಮ್ಮ, ನನಗೆ ಮರೆವು, ನಿನಗೇನು ಬಂದಿತ್ತು ರೋಗ, ನೀನು ನಿಜ ಬರೆದಿದ್ರೆ ನಾಲ್ಕು ಜನ ನನ್ನ ಕೈ ಮೇಲೆ ಕಣ್ಣಿಡ್ತಿದ್ರು, ಆ ರಕ್ತದ ಫ್ರಿಜ್ ತನಕ ಹೋಗ್ತಿತ್ತಾ ಇದು? ನನ್ನ ಮರ್ಯಾದೆ ಕಾಯೋಕೆ ನಿನಗ್ಯಾರು ಹೇಳಿದ್ರು? ನಿಜವೇ ಅದು, ಅವರಿಗೆ ನೋವಾಗಬಾರದೆಂದು ಎಂದುಕೊಂಡಿದ್ದಳು, ತನಗೆ ಹೇಳುವ ಧೈರ್ಯವಿರಲಿಲ್ಲ ಅಷ್ಟೇ, ಬಸ್ಸಿನಲ್ಲಿ ಎಲ್ಲ ಖರ್ಚು ಹಾಕಿದವಳು ಇದನ್ನು ಹಾಕಿರಲಿಲ್ಲ. ಬೈಯೋದು ಸಾಕು ರೀ, ನೀರಾದ್ರೂ ಕುಡೀಲಿ ಎಂದರು ಹೆಂಡತಿ. ಮೇಷ್ಟ್ರು ಕುರ್ಚಿ ಎಳೆದುಕೊಂಡರು, ಬದಲಾವಣೆಯನ್ನು ತಾವೇ ವಾಪಸ್ಸು ತೆಗೆದರು, ಕಾರಣವನ್ನು ತಾವೇ ಬರೆದರು, ಬೀಗ ಹಿಡಿದು ಜಾಗ ಕೇಳಿದ್ದು ನನ್ನ ತಪ್ಪು. ಆಮೇಲೆ ಕರ್ನೆಲ್ಲಿಗೆ ಬರೆಯುವ ಅಧಿಕಾರವಿದ್ದವರ ಹೆಸರುಗಳ ಕಡತ ತೆರೆದರು, ಬದುಕಿರುವವರ ಹೆಸರನ್ನು ಇನ್ನೊಬ್ಬರು ತೆಗೆಯುವ ಹಾಗಿಲ್ಲ, ತಾವೇ ತೆಗೆಯಬೇಕು, ಅವರ ಗುಂಪಿನಲ್ಲಿ ಹಾಗೆ, ನಾಳೆ ಮಾಡಿದರಾಯಿತು ಮೇಷ್ಟ್ರೇ, ಯೋಚನೆ ಮಾಡಿ ಎಂದಳು. ನಾಳೆ ಯಾಕೆ ಅಂತ ನೆನಪಿರತ್ತಾ ನನಗೆ, ಗೊತ್ತಿರುವಾಗಲೇ ಮಾಡಬೇಕು. ನಾಳೆ ಬರೆಯೋಕೆ ಹೋಗಿ ಬಾಗಿಲು ಮುಚ್ಚಿದ್ರೆ ನಿನಗೇ ಫೋನ್ ಮಾಡಿ ಕೂಗಾಡ್ತೀನಿ, ನನ್ನ ಹೆಸರು ತೆಗೆದೋರು ಯಾರು ಅಂತ, ನೀವೇ ತೆಗೆದ್ರಿ ಅನ್ನು, ಎಷ್ಟು ಸಲ ಕೇಳಿದ್ರೂ ಅನ್ನು, ಅಕ್ಷರದೋಷ ಅನ್ನಬೇಡ. ಬರೆಯೋದು ಬೇಡ, ಓದಿ ಕೊಡಿ, ನನ್ನ ಹಾಳೆಗಳನ್ನ ನಾನೇ ತರ್ತೀನಿ ಎಂದಳು ಅವಳು, ಬೇಡಿಕೊಂಡ ಹಾಗೆ ಕೇಳಿಸಿತು. ತಾ, ಓದ್ತೀನಿ, ಖುಷಿಗೆ ಓದ್ತೀನಿ, ಆದ್ರೆ ನಾನು ಸರಿ ಅಂದೆ ಅಂತ ಬಿಡುಗಡೆ ಮಾಡಬೇಡ.

ಹೆಸರಿನ ಸಾಲು ಹೋಯಿತು, ಕೆಳಗಿನ ಹೆಸರುಗಳು ಒಂದೊಂದು ಸಾಲು ಮೇಲೆ ಬಂದವು, ಫೋನು ಚೀಲದೊಳಗೆ ಗುರ್ರೆಂದಿತು, ಗಡಿಯಾರ ನೋಡಿರಬೇಕು, ಅಕ್ಕಾ ಇದೇನು, ಮೇಷ್ಟ್ರು ಯಾಕೆ — ಆಮೇಲೆ ಹೇಳುತ್ತೇನೆ, ಎಲ್ಲ ಹೇಳುತ್ತೇನೆ, ಹಿಂದೆ ಅಕ್ಷರದೋಷ ಎಂದದ್ದನ್ನೂ. ಸಂಜೆ ಬಿಡುಗಡೆ ಆಗುತ್ತದೆ, ಬೀಗ ಹಳೆಯ ಜಾಗಕ್ಕೆ ಬಂದಿದೆ, ಫ್ರಿಜ್ಜುಗಳ ಯಂತ್ರಗಳು ಇದೊಂದರಿಂದ ನಿಲ್ಲುವುದಿಲ್ಲ, ಇಷ್ಟು ಉಳಿಯಿತು. ಮೇಷ್ಟ್ರು ಟೀ ಲೋಟ ಎಡಗೈಯಲ್ಲಿ ಹಿಡಿದು ಕಿಟಕಿಯ ಕಡೆ ನೋಡುತ್ತಿದ್ದಾರೆ, ಬಲಗೈ ಹಾಳೆಯ ಮೇಲೆ ಮರೆತ ಹಾಗೆ ಬಿದ್ದಿದೆ, ತೋರುಬೆರಳು ಕೆಳಗಿಂದ ಮೂರನೆಯ ಸಾಲಿನಲ್ಲೇ ಇದೆ, ಮುಂದಕ್ಕೆ ಓಡುತ್ತಿಲ್ಲ, ಮೇಲಕ್ಕೆ ಏಳುತ್ತಿಲ್ಲ. ನಾಳೆ ಅವಳು ಏನಾದರೂ ಬರೆದು ತಂದರೆ ಅದು ಮತ್ತೆ ಓಡುತ್ತದೆ, ಎಲ್ಲೋ ನಿಲ್ಲುತ್ತದೆ, ಅಥವಾ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಸರಿಯಿದೆ ಎಂದು ನಂಬುವ ಹಾಗಿಲ್ಲ ಇನ್ನು.