ಖಾಲಿ ಬಿಟ್ಟ ಏಳು ದಿನ

ಹೋಶಿನಾ ಕಟ್ಟಡ ಸಂಸ್ಥೆಯಲ್ಲಿ ಇದ್ದದ್ದೇ ಆರು ಜನ. ಯಾವ ಸೈಟಿನಲ್ಲಿ ಯಾವ ದಿನ ಏನು ನಡೆಯಬೇಕು ಎನ್ನುವುದೆಲ್ಲ ಕಚೇರಿಯ ಗೋಡೆಗೆ ತೂಗುಹಾಕಿದ್ದ ಬಿಳಿ ಬೋರ್ಡಿನ ಮೇಲಿರುತ್ತಿತ್ತು. ಮೇಸ್ತ್ರಿ ಉಶಿಯಾಮ ಮೂವತ್ತು ವರ್ಷದಿಂದ ಅದರಲ್ಲಿ ಚೌಕ ಎಳೆದು, ಬಣ್ಣದ ಅಯಸ್ಕಾಂತದ ಬಿಲ್ಲೆ ಅಂಟಿಸುತ್ತ ಬಂದಿದ್ದರು.

ಬೋರ್ಡಿನ ಬದಲು ಒಂದು ಸಾಫ್ಟ್‌ವೇರ್ ಆರಿಸುವ ಕೆಲಸ ಜನವರಿಯಲ್ಲಿ ಕುರಾತಾ ಮಿಸಾವೊಳ ಪಾಲಿಗೆ ಬಂತು. ಹಗಲು ಕಚೇರಿಯ ಕಾಗದಪತ್ರ ನೋಡಿಕೊಳ್ಳುತ್ತ, ನಾಲ್ಕು ವರ್ಷ ಸಂಜೆ ತರಗತಿಯಲ್ಲಿ ಕಟ್ಟಡ ವಿದ್ಯೆ ಕಲಿತವಳು ಅವಳು. ಮೂರು ಸಾಫ್ಟ್‌ವೇರ್‌ಗಳನ್ನು ನೋಡಿದಳು. ಒಂದು ದೊಡ್ಡ ಕಂಪನಿಗಳಿಗೆ ಮಾಡಿದ್ದು. ಅರ್ಧಕ್ಕರ್ಧ ಅವಳಿಗೇ ತಿಳಿಯಲಿಲ್ಲ. ಇನ್ನೊಂದರಲ್ಲಿ ಫೋನಿನ ಮೇಲೆ ಅಕ್ಷರ ಕಾಣುತ್ತಿರಲಿಲ್ಲ. ಮೂರನೆಯದು ಒಂದು ಕೆಲಸದ ದಿನ ಮುಂಚೆ ಬಂದರೆ ಅದರ ನಂತರದ ಕೆಲಸಗಳನ್ನೆಲ್ಲ ತಾನೇ ಎಳೆದು ತಂದು, ಗುತ್ತಿಗೆಯವರ ಫೋನಿಗೆ ತಾನೇ ಸಂದೇಶ ಕಳಿಸುತ್ತಿತ್ತು. ಯಜಮಾನ ಹೋಶಿನಾಗೆ ಅದೇ ಹಿಡಿಸಿತು. ಒಂದು ತಿಂಗಳು ಪುಕ್ಕಟೆ ಪರೀಕ್ಷಿಸಿ ನೋಡಬಹುದಿತ್ತು. ಸರೋವರದ ಮೇಲಿನ ಇಳಿಜಾರಿನಲ್ಲಿ ಮೊಚಿಜುಕಿ ದಂಪತಿಗೆ ಕಟ್ಟುತ್ತಿದ್ದ ಮನೆಯನ್ನೇ ಪರೀಕ್ಷೆಗೆ ಇಟ್ಟುಕೊಳ್ಳುವುದೆಂದಾಯಿತು.

ಮಿಸಾವೊ ಬೋರ್ಡನ್ನು ನೋಡಿಕೊಂಡು ಒಂದೊಂದೇ ಬಿಲ್ಲೆಯನ್ನು ಕಂಪ್ಯೂಟರಿಗೆ ಏರಿಸಿದಳು. ಮೇಲ್ಗಡೆ ಮೇಸ್ತ್ರಿಯ ಹೆಸರಿಗೆ ಜಾಗವಿತ್ತು. ಉಶಿಯಾಮ ಎಂದು ತುಂಬಿದಳು. ತಡೆಗೋಡೆಗೆ ಕಾಂಕ್ರೀಟ್ ಸುರಿದ ದಿನದ ಮುಂದೆ ಏಳು ಚೌಕ ಖಾಲಿ ಇದ್ದವು. ಎಂಟನೆಯದರಲ್ಲಿ ತಾಯಿಆನ್ ಎಂದು ಕೆಂಪಕ್ಷರ: ಶುಭದಿನ. ಹೋಶಿನಾದವರು ಹೊಸ ಹಂತದ ಕೆಲಸವನ್ನು ಶುಭದಿನ ನೋಡಿಯೇ ಹಿಡಿಯುವವರು. ಅದಕ್ಕಾಗಿ ಬೋರ್ಡಿನಲ್ಲಿ ಮೂರು ನಾಲ್ಕು ದಿನ ಸುಮ್ಮನೆ ಕಾಯುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಆದರೆ ಮೊಚಿಜುಕಿ ದಂಪತಿ ಮೊದಲ ದಿನವೇ, ತಮಗೆ ಅಂಥ ನಂಬಿಕೆಯಿಲ್ಲ, ಬೇಗ ಮುಗಿದರೆ ಸಾಕು ಎಂದು ಹೇಳಿಹೋಗಿದ್ದರು.

ಉಶಿಯಾಮರನ್ನು ಒಂದು ಮಾತು ಕೇಳೋಣ ಎಂದುಕೊಂಡಳು. ಆ ವಾರ ಆಗಲೇ ಎರಡು ಸಲ ಕೇಳಲು ಹೋಗಿದ್ದಳು, ಎರಡನೆಯ ಸಲ ಯಜಮಾನರು ನಕ್ಕಿದ್ದರು. "ಇನ್ನೊಬ್ರನ್ನ ಕೇಳೋದು ತಪ್ಪಲಿ ಅಂತಾನೇ ಅಲ್ವೇನ್ರೀ ಕುರಾತಾಸಾನ್, ಇದನ್ನ ತಗೋತಿರೋದು?" ಮಿಸಾವೊ ಕೇಳಲಿಲ್ಲ. ಏಳು ದಿನವನ್ನು ತೆಗೆದುಹಾಕಿದಳು. ಕೆಲಸಗಳೆಲ್ಲ ಸರಸರನೆ ಎಡಕ್ಕೆ ಸರಿದು ಕೂತವು. ನೋಡಲು ಅಚ್ಚುಕಟ್ಟಾಗಿತ್ತು.

ಅರ್ಧ ಗಂಟೆಯಲ್ಲಿ, ಕಾಂಕ್ರೀಟಿಗೆ ಅಚ್ಚಿನ ಹಲಗೆ ಕಟ್ಟುವ ಸೆಂಟ್ರಿಂಗ್ ಗುತ್ತಿಗೆಯ ನಿತ್ತಾ ಫೋನ್ ಮಾಡಿದ. ನಾಳೆಯೇ ಹಲಗೆ ಬಿಚ್ಚಿ ಅಂತ ಬಂದಿದೆ, ನಿಮ್ಮ ಕಂಪ್ಯೂಟರಿಗೆ ನಮ್ಮ ಮೇಸ್ತ್ರಿಗಿಂತ ಅವಸರ ಎಂದು ನಗೆಯಾಡಿ, ಕೊನೆಗೆ ಕೇಳಿದ.

"ಉಶಿಯಾಮಸಾನ್ ಹೇಳಿದಾರೆ ತಾನೆ?"

"ಅವರ ಹೆಸರೇ ಇದೆಯಲ್ಲ ಅದರಲ್ಲಿ" ಎಂದಳು ಮಿಸಾವೊ.

ಮರುದಿನ ಹಲಗೆ ಬಿಚ್ಚಿದರು. ಅದರ ಮರುದಿನ ಗೋಡೆಯ ಹಿಂದೆ ಯಂತ್ರದಿಂದ ಮಣ್ಣು ತುಂಬಿದರು. ನೀರು ಹೆಪ್ಪುಗಟ್ಟುವ ಚಳಿ. ಹೊರಗೆ ಕಲ್ಲಿನಂತೆ ಕಂಡ ಕಾಂಕ್ರೀಟ್ ಒಳಗೆ ಇನ್ನೂ ಹಸಿ. ಗೋಡೆ ಮುಂದಕ್ಕೆ ಮಗುಚಿತು. ಕೆಳಗೆ ಬಿಚ್ಚಿದ ಹಲಗೆ ಜೋಡಿಸಿಡುತ್ತಿದ್ದ ನಿತ್ತಾ ಅದರಡಿ ಸಿಕ್ಕಿದ. ಉಶಿಯಾಮ ಆಗ ಇನ್ನೊಂದು ಸೈಟಿನಲ್ಲಿದ್ದರು; ತಡೆಗೋಡೆಯ ಹತ್ತಿರ ಇನ್ನು ಐದು ದಿನ ಯಾರೂ ಸುಳಿಯುವುದಿಲ್ಲ ಎಂದೇ ಅವರು ತಿಳಿದಿದ್ದದ್ದು.

ನಾಲ್ಕನೆಯ ದಿನ ನಿತ್ತಾ ತೀರಿಕೊಂಡ. ಸುಡಬೇಕಾದ ದಿನ ತೊಮೊಬಿಕಿ ಬಿದ್ದಿತ್ತು; ಆ ದಿನ ಸುಟ್ಟರೆ ಸತ್ತವರು ಜೊತೆಗಾರರನ್ನು ಕರೆದೊಯ್ಯುತ್ತಾರೆಂದು ಅವನ ಮನೆಯವರು ಒಂದು ದಿನ ಕಾದರು. ಆ ಒಂದು ದಿನ ಮಿಸಾವೊ ಬೋರ್ಡಿನ ಎದುರು ಕೂತಿದ್ದಳು. ಚಳಿಯಲ್ಲಿ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ ಎಂದು ಪರೀಕ್ಷೆಯಲ್ಲಿ ಅವಳೇ ಬರೆದಿದ್ದಳು. ಪೂರ್ತಿ ಅಂಕ ಬಂದಿತ್ತು.

ಅಪಘಾತದ ತನಿಖೆಗೆ ಒಮ್ಮೆ ಬಂದುಹೋಗಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿ ಮತ್ತೆ ಬರುವ ಹಿಂದಿನ ದಿನ ಮಧ್ಯಾಹ್ನ, ಯಜಮಾನರು ಬೋರ್ಡನ್ನು ಒರೆಸಿ ಸ್ವಚ್ಛ ಮಾಡಿದರು. ಆ ಏಳು ದಿನವಿಲ್ಲದ, ಮುದ್ರಿಸಿಟ್ಟ ವೇಳಾಪಟ್ಟಿಯೊಂದು ಮೇಜಿನ ಮೇಲಿತ್ತು, ಮೇಲ್ಗಡೆ ಉಶಿಯಾಮರ ಹೆಸರು.

"ಈ ಸಾಫ್ಟ್‌ವೇರ್ ನಮಗೆ ಬೇಡ" ಎಂದರು ಮೆಲ್ಲಗೆ. "ಇವತ್ತು ಐದಕ್ಕೆ ಪರೀಕ್ಷೆಯ ಅವಧಿ ಮುಗಿಯತ್ತೆ. ಆಮೇಲೆ ಒಳಗಿರೋದೆಲ್ಲ ಅಳಿಸಿಹೋಗತ್ತಂತೆ. ನೀವೇನೂ ಮಾಡ್ಬೇಕಾಗಿಲ್ಲ. ಉಶಿಯಾಮಸಾನ್‌ಗೆ ಹೇಗೂ ವಯಸ್ಸಾಯ್ತು."

ಅವರು ಅದನ್ನು ತನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು ಎಂಬುದು ಮಿಸಾವೊಗೆ ತಿಳಿಯಿತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಉಶಿಯಾಮ ಹಿಂದಿನ ಶೆಡ್ಡಿನಲ್ಲಿ ಉಳಿ ಸುತ್ತಿಗೆಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು: ಖಾಲಿ ಚೌಕ, ಶುಭದಿನ, ನಿತ್ತಾನ ಫೋನು. ಅವರು ತಲೆ ಎತ್ತಲಿಲ್ಲ.

"ಶುಭದಿನಕ್ಕೆ ಕಾಯೋದಕ್ಕೂ ಖಾಲಿ ಬಿಡ್ತಿದ್ದೆ, ಕಾಂಕ್ರೀಟಿಗೆ ಕಾಯೋದಕ್ಕೂ ಖಾಲಿನೇ ಬಿಡ್ತಿದ್ದೆ. ನೋಡಿದೋರಿಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ ಕಣಮ್ಮ." ಪೆಟ್ಟಿಗೆಯ ಮುಚ್ಚಳ ಹಾಕಿ ಅಂದರು, "ನಿಂಗಿನ್ನೂ ವಯಸ್ಸಿದೆ. ಸುಮ್ನಿರು."

ಗಂಟೆ ನಾಲ್ಕೂವರೆ. ಮಿಸಾವೊ ಕಂಪ್ಯೂಟರಿನ ಮುಂದೆ ಕೂತಳು. ಸಾಫ್ಟ್‌ವೇರಿನ ಒಂದು ಮೂಲೆಯಲ್ಲಿ ಬದಲಾವಣೆಗಳ ಪಟ್ಟಿಯಿತ್ತು. ಆರಿಸುವಾಗ ಇದು ಉಪಯೋಗಕ್ಕೆ ಬರುತ್ತದೆ ಎಂದು ಅವಳೇ ವರದಿಯಲ್ಲಿ ಬರೆದಿದ್ದಳು. ತೆರೆದಳು. ಫೆಬ್ರವರಿ ಮೂರು, ಬೆಳಿಗ್ಗೆ ಹತ್ತೂ ನಲವತ್ತು. ಏಳು ದಿನ ತೆಗೆಯಲಾಗಿದೆ. ಕುರಾತಾ ಮಿಸಾವೊ.

ಇದರಿಂದ ನಿತ್ತಾ ಎದ್ದು ಬರುವುದಿಲ್ಲ ಎಂದು ಅನಿಸಿತು. ತನಗೆ ಬೇರೆಲ್ಲೂ ಕೆಲಸ ಸಿಗಲಾರದು ಎಂದೂ ಅನಿಸಿತು. ಅವಳು ಆ ಪುಟವನ್ನು ಎರಡು ಪ್ರತಿ ಮುದ್ರಿಸಿದಳು. ಕಾಗದವನ್ನು ಯಾರಾದರೂ ಹರಿಯಬಹುದು ಎಂದು ಹೊಳೆದು, ಮತ್ತೆ ಕೂತು, ಖರೀದಿಯ ಪುಟ ತೆರೆದಳು. ಸಂಸ್ಥೆಯ ಹೆಸರು ಕೇಳಿತು, ತುಂಬಿದಳು. ಎಷ್ಟು ಅವಧಿಗೆ ಎಂದು ಕೇಳಿತು. ಒಂದು ವರ್ಷ ಎಂದು ಒತ್ತಿದಳು. ಹಣ ಕಟ್ಟುವ ಕಡೆ ತನ್ನ ಸ್ವಂತ ಕಾರ್ಡಿನ ಸಂಖ್ಯೆ ಹಾಕಿದಳು.

ಹೋಶಿನಾ ಕಟ್ಟಡ ಸಂಸ್ಥೆಯನ್ನು ಆರಿಸಿದ್ದಕ್ಕೆ ವಂದನೆಗಳು ಎಂದು ಪರದೆಯ ಮೇಲೆ ಮೂಡಿತು. ಆರಿಸಿದವರ ಮತ್ತು ಆರಿಸಿದ್ದರ ಹೆಸರು ಎಲ್ಲೋ ಅದಲುಬದಲಾಗಿತ್ತು. ಮಿಸಾವೊ ಅದನ್ನು ಸರಿಪಡಿಸಲಿಲ್ಲ. ಒಂದು ಪ್ರತಿಯನ್ನು ಯಜಮಾನರ ಮೇಜಿನ ಮೇಲಿದ್ದ ವೇಳಾಪಟ್ಟಿಯ ಮೇಲಿಟ್ಟಳು, ಇನ್ನೊಂದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು, ಕಾರ್ಮಿಕ ಇಲಾಖೆಯ ಬಾಗಿಲು ಹಾಕುವ ಮುಂಚೆ ತಲುಪಬೇಕೆಂದು ಹಿಮದಲ್ಲಿ ಬೇಗಬೇಗ ನಡೆದಳು.