ಹೌದಪ್ಪನ ಕುರ್ಚಿ

ಊರಿನವರು ಅವನಿಗೆ ಹೌದಪ್ಪ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಬಸ್ ನಿಲ್ದಾಣದ ಎದುರಿನ ಸಣ್ಣ ಕ್ಷೌರದಂಗಡಿ ಅವನದು. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ಕಾಯುವವರಿಗೊಂದು ಬೆಂಚು, ಇಷ್ಟೇ ಅವನ ಸಾಮ್ರಾಜ್ಯ. ಕುರ್ಚಿಯಲ್ಲಿ ಕೂತವರು ಏನು ಹೇಳಲಿ, ಅವನದು ಒಂದೇ ಉತ್ತರ: "ಹೌದು ಸಾರ್." ಕಸುಬು ಕಲಿಸಿದ ಅಪ್ಪ ಕತ್ತರಿ ಹಿಡಿಸುವ ಮೊದಲೇ ಕಲಿಸಿದ್ದ ಪಾಠ ಅದು. "ಕತ್ತಿ ನಮ್ಮ ಕೈಲಿ, ಕತ್ತು ಅವರದು. ಕತ್ತು ಒಡ್ಡಿ ಕೂತವನ ಹತ್ರ ವಾದ ಮಾಡಬಾರದು ಮಗನೇ. ಅವನು ಕೆರಳಿ ತಲೆ ಅಲ್ಲಾಡಿಸಿದ್ರೆ ಗಾಯ ಆಗೋದು ಅವನಿಗೆ, ಅಂಗಡಿ ಮುಚ್ಚೋದು ನಮ್ದು." ಬೆಳಿಗ್ಗೆ ಬಂದವರು ಇವತ್ತು ಮಳೆ ಬರುತ್ತದೆ ಎಂದರೆ ಹೌದು. ಮಧ್ಯಾಹ್ನ ಬಂದವರು ಎಲ್ಲಿಯ ಮಳೆ ಎಂದರೆ ಅದಕ್ಕೂ ಹೌದು. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎನ್ನುತ್ತಾರಲ್ಲ, ಇವನು ಆ ಗಾದೆಯ ಮೊದಲರ್ಧವನ್ನು ಮಾತ್ರ ಇಟ್ಟುಕೊಂಡು ಬಾಳಿದವನು. ಇದರಿಂದ ಯಾರಿಗೂ ಕೇಡಾಗಿರಲಿಲ್ಲ, ಹೆಂಡತಿ ಚುನಾವಣೆಗೆ ನಿಲ್ಲುವವರೆಗೆ.

ಹೆಂಡತಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವಳ ಗಂಟಲಿನ ಬಗ್ಗೆ ಊರಲ್ಲಿ ಬೇಕಾದಷ್ಟು ತಮಾಷೆಗಳಿದ್ದವು. ಹಿಂಬಾಗಿಲಲ್ಲಿ ನಿಂತು ಅವಳು "ರೈಟ್" ಎಂದರೆ ಪಕ್ಕದ ಬಸ್ಸೂ ಹೊರಡುತ್ತದೆ ಎಂದು ಡ್ರೈವರುಗಳು ನಗುತ್ತಿದ್ದರು. ಅಂಥವಳು ದಿನವಿಡೀ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಅಷ್ಟು ದೊಡ್ಡ ನಿಲ್ದಾಣದಲ್ಲಿ ಹೆಂಗಸರಿಗೆ ಒಂದು ಶೌಚಾಲಯವಿರಲಿಲ್ಲ, ಹಿಂದುಗಡೆಯ ಮುರುಕು ಗೋಡೆಯೇ ಗತಿ. ಒಂದು ದಿನ ಅವಳ ಬಸ್ಸಿನಿಂದಿಳಿದ ತುಂಬು ಬಸುರಿಯೊಬ್ಬಳು ಆ ಗೋಡೆಯ ಮರೆಗೆ ಹೋಗಿ ಪಾಚಿಯ ಮೇಲೆ ಜಾರಿ ಬಿದ್ದಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಇವಳೇ. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಆ ಸಂಜೆ ಮನೆಗೆ ಬಂದವಳು ಕೈ ತೊಳೆಯುತ್ತಲೇ ಹೇಳಿದಳು. "ರೀ, ಪುರಸಭೆಗೆ ನಮ್ಮ ವಾರ್ಡಿಂದ ನಾನು ನಿಲ್ತೀನಿ. ಅಲ್ಲೊಂದು ಶೌಚಾಲಯ ಕಟ್ಟಿಸೋವರೆಗೂ ನನಗೆ ನಿದ್ದೆ ಬರಲ್ಲ."

"ನಿನ್ನ ಕೈಲಿ ಆಗುತ್ತೆ," ಎಂದ ಹೌದಪ್ಪ. ಇದು ಅಂಗಡಿಯ ಹೌದಲ್ಲ, ಮನಸ್ಸಿನಿಂದ ಬಂದ ಮಾತು. ಜಗತ್ತಿನಲ್ಲಿ ಅವನು ಯಾರನ್ನಾದರೂ ಕಣ್ಣು ಮುಚ್ಚಿ ನಂಬಿದ್ದರೆ ಅದು ಅವಳನ್ನು. ಅವಳು ಕೆಲಸ ಬಿಟ್ಟಳು, ನಾಮಪತ್ರ ಹಾಕಿದಳು, ನಿಲ್ದಾಣದ ಮುಂದೆಯೇ ಮೈಕು ಹಿಡಿದು ನಿಂತಳು. ಎದುರಾಳಿ, ರಸ್ತೆ ಚರಂಡಿಗಳ ಗುತ್ತಿಗೆ ಹಿಡಿಯುವ ಕಂಟ್ರಾಕ್ಟರ್.

ಅಲ್ಲಿಂದ ಶುರುವಾಯಿತು ಕುರ್ಚಿಯ ಮೇಲಿನ ಪಂಚಾಯಿತಿ.

"ಹೆಂಗಸಾಗಿ ಮೈಕಲ್ಲಿ ಶೌಚಾಲಯ ಅಂತಾಳಲ್ಲಯ್ಯ, ನಾಚಿಕೆ ಬೇಡ್ವಾ?" ಎಂದ ಬಟ್ಟೆ ಅಂಗಡಿಯವನು, ಕೆನ್ನೆಯ ತುಂಬ ಸೋಪಿನ ನೊರೆ ಹೊತ್ತುಕೊಂಡು. "ಹೌದು ಸಾರ್," ಎಂದ ಹೌದಪ್ಪ.

"ಆ ಗಂಟಲು ಏನು ಗಂಟಲಪ್ಪ! ಮನೇಲೂ ಹೀಗೇ ಕಿರುಚ್ತಾಳಾ?" ಎಂದ ಡ್ರೈವರ್. ಅದೇ ಡ್ರೈವರ್ ಹಿಂದಿನ ದಿನ ಕಂಟ್ರಾಕ್ಟರನ ಭಾಷಣ ಕೇಳಿ ಬಂದು, ಗಂಡು ಅಂದ್ರೆ ಹಾಗಿರಬೇಕು, ಒಂದು ಸಲ ಗುಡುಗಿದ್ರೆ ಅಧಿಕಾರಿಗಳು ನಡುಗಬೇಕು ಎಂದಿದ್ದ. ಆಗಲೂ ಹೌದು, ಈಗಲೂ ಹೌದು.

ಅವಳ ಪುಟ್ಟ ಮಗಳಿಗೆ ಊಟ ಹಾಕುವವರು ಯಾರು, ಜಡೆ ಹೆಣೆಯುವವರು ಯಾರು ಎಂಬ ಚಿಂತೆಯೂ ಊರಿಗೆ ಹತ್ತಿತು. ಜಡೆಯನ್ನು ಮೊದಲಿನಿಂದಲೂ ಹೆಣೆಯುತ್ತಿದ್ದವನು ಹೌದಪ್ಪನೇ. ಕೂದಲ ಕಸುಬಿನವನ ಮಗಳಲ್ಲವೇ, ಶಾಲೆಯಲ್ಲಿ ಅವಳ ಜಡೆಯಷ್ಟು ನೇರವಾದ ಜಡೆ ಇನ್ನೊಂದಿರಲಿಲ್ಲ. ಆದರೆ ಯಾರೂ ಅವನನ್ನು ಕೇಳಲಿಲ್ಲ. ಕಂಟ್ರಾಕ್ಟರನ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿ ಕೂತಿದ್ದಳು, ಅವನ ಮಕ್ಕಳಿಗೆ ಊಟ ಹಾಕುವವರು ಯಾರೆಂದೂ ಯಾರೂ ಕೇಳಲಿಲ್ಲ. ಗಂಡಸರದ್ದು ಒತ್ತಟ್ಟಿಗಿರಲಿ, ನಿಲ್ದಾಣದಲ್ಲಿ ತರಕಾರಿ ಮಾರುವ ಅಜ್ಜಿ, ಅದೇ ಮುರುಕು ಗೋಡೆಯ ಹಿಂದೆ ದಿನಾ ಹೋಗಿಬರುವವಳು, ಅವಳೂ ಹೇಳಿದಳು: "ಮನೆ ಗೆದ್ದು ಮಾರು ಗೆಲ್ಲಬೇಕು ಕಣವ್ವ."

ಹೆಂಡತಿ ಸ್ವರ ತಗ್ಗಿಸಿದಳು. ಪ್ರತಿ ಮಾತಿಗೂ ಮುನ್ನ ನಕ್ಕು ನೋಡಿದಳು. ಬಸುರಿಯ ಕತೆ ಹೇಳುವಾಗ ಒಮ್ಮೆ ತಡೆಯಲಾರದೆ ಅತ್ತುಬಿಟ್ಟಳು. ಮಾರನೆಯ ದಿನ ಕುರ್ಚಿಯಲ್ಲಿ ತೀರ್ಪು ಬಂತು. "ಅಳೋ ಹೆಂಗಸು ಆಡಳಿತ ಏನು ಮಾಡ್ತಾಳೆ? ಮಾತೂ ಕೇಳ್ಸಲ್ಲ." ಅತ್ತ ದರಿ, ಇತ್ತ ಪುಲಿ. ಹೌದಪ್ಪ ಕತ್ತಿ ಮಸೆಯುತ್ತ ಹೌದು ಎಂದ. ಎಂದಮೇಲೆ ಆ ದಿನವೆಲ್ಲ ಅವನಿಗೆ ಊಟ ಸೇರಲಿಲ್ಲ.

ಮತದಾನಕ್ಕೆ ಇನ್ನು ವಾರವಿದೆ ಎನ್ನುವಾಗ ನಿವೃತ್ತ ಮೇಷ್ಟ್ರು ಬಂದು ಕೂತರು. ಅವರು ಹೇಳಿದರೆ ಬೀದಿ ಕೇಳುತ್ತದೆ. ಒಳ್ಳೆಯ ಮನುಷ್ಯ, ಅವಳ ಮೇಲೆ ಅಭಿಮಾನವೂ ಇತ್ತು.

"ನಿನ್ನ ಹೆಂಡತಿ ಕೆಟ್ಟವಳಲ್ಲಪ್ಪ. ಆದ್ರೆ ಹೆಂಗಸು ನೋಡು, ಜನಕ್ಕೆ ಧೈರ್ಯ ಬರಲ್ಲ. ಹಿಂದೆ ನೀನಿರ್ತೀಯ ತಾನೇ? ಎಲ್ಲಾ ನೀನೇ ನೋಡ್ಕೋತೀಯ ತಾನೇ?"

ಕತ್ತಿ ಅವರ ಗಂಟಲ ಗುಣಿಯ ಬಳಿ ಇತ್ತು. ಹೌದಪ್ಪನ ಬಾಯಿಂದ ಅಭ್ಯಾಸದಂತೆ ಹೊರಬಿತ್ತು: "ಹೌದು ಮೇಷ್ಟ್ರೇ."

"ಹಾಗಾದ್ರೆ ಸರಿ ಬಿಡು," ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ಸಂಜೆಯೊಳಗೆ ಮಾತು ಬೀದಿಗಿಳಿದಿತ್ತು. ಮರುದಿನದಿಂದ ಕುರ್ಚಿಯಲ್ಲಿ ಕೂತವರೆಲ್ಲ ಅದನ್ನೇ ಕೇಳಿದರು, ಅವನು ಅದನ್ನೇ ಹೇಳಿದ. ಗಾಳಿ ತಿರುಗುವುದು ಅವನಿಗೂ ಕಾಣುತ್ತಿತ್ತು. ಅವಳಿಗೆ ಒಳ್ಳೆಯದೇ ಆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಪಾಪ, ಅಷ್ಟು ದೂರ ಯೋಚಿಸುವ ತಲೆ ಅವನದಾಗಿರಲಿಲ್ಲ.

ಅವಳು ಗೆದ್ದಳು. ಜನ ಕುಣಿಯುತ್ತ ಬಂದು ಹೆಗಲ ಮೇಲೆ ಹೊತ್ತದ್ದು ಮಾತ್ರ ಹೌದಪ್ಪನನ್ನು. ಅವಳು ಅಂಗಡಿಯ ಮೆಟ್ಟಿಲ ಬಳಿ ನಿಂತಿದ್ದಳು. ಬಟ್ಟೆ ಅಂಗಡಿಯವನು ಬಂದು ಅವಳಿಗೆ ಕೈಮುಗಿದ. "ನಿಮ್ಮ ಯಜಮಾನ್ರು ಮಾತು ಕೊಟ್ಟಿದ್ರಮ್ಮ, ಎಲ್ಲಾ ನಾನೇ ನೋಡ್ಕೋತೀನಿ ಅಂತ. ಅದಕ್ಕೇ ಹಾಕಿದ್ವಿ."

ಮನೆಯಲ್ಲಿ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಹಾಗಂದ್ರಾ?"

"ಅಂಗಡಿ ಮಾತು ಕಣೇ. ನಾನು ಯಾರಿಗೆ ಅಲ್ಲ ಅಂದಿದ್ದೀನಿ ಹೇಳು. ಓಟು ಬಂತಲ್ಲ, ಹೆಂಗೆ ಬಂದ್ರೇನು?"

"ಬಂತು. ನನಗೆ ಬರ್ಲಿಲ್ಲ ಅಷ್ಟೇ," ಎಂದು ಅವಳು ಮಗಳ ಪಕ್ಕ ಹೋಗಿ ಮಲಗಿದಳು.

ಆದರೂ ಅವಳು ಸೋಲೊಪ್ಪುವ ಹೆಣ್ಣಲ್ಲ. ಪುರಸಭೆಗೆ ಹೋದಳು, ನಿಲ್ದಾಣದ ಮುರುಕು ಗೋಡೆಯ ಜಾಗಕ್ಕೆ ತಾನೇ ನಕ್ಷೆ ಬರೆಸಿದಳು, ನೀರಿನ ಪೈಪು ಎಲ್ಲಿಂದ ಎಳೆಯಬೇಕೆಂದು ನಿಂತು ನೋಡಿ ಬಂದಳು. ಗುಮಾಸ್ತ ಪ್ರತಿ ಸಲವೂ, "ಯಜಮಾನ್ರು ಬರ್ಲಿಲ್ವಾ ಮೇಡಂ?" ಎನ್ನುವುದನ್ನು ಕೇಳಿಯೂ ಕೇಳದವಳಂತಿದ್ದಳು. ಮುಂದಿನ ಸಭೆಯಲ್ಲಿ ವಿಷಯ ತೀರ್ಮಾನವಾಗುವುದಿತ್ತು. ಮನೆಯಲ್ಲಿ ಅವಳ ಗಂಟಲು ಮತ್ತೆ ಏರತೊಡಗಿತ್ತು, ಹೌದಪ್ಪನಿಗೆ ಜೀವ ಬಂದಂತಾಗಿತ್ತು.

ಸಭೆಯ ಹಿಂದಿನ ದಿನ ಪುರಸಭೆಯ ಅಧ್ಯಕ್ಷರು ಕ್ಷೌರಕ್ಕೆ ಬಂದರು. ಎಂದೂ ಬಾರದವರು. ನೊರೆ ಹಚ್ಚಿಸಿಕೊಂಡು, ಕನ್ನಡಿಯಲ್ಲಿ ಅವನನ್ನು ನೋಡುತ್ತ ಸಲಿಗೆಯಿಂದ ಹೇಳಿದರು. "ಆ ನಿಲ್ದಾಣದ ಜಾಗದಲ್ಲಿ ಒಂದು ಗಡಿಯಾರದ ಗೋಪುರ ಎದ್ರೆ ಹೇಗಿರುತ್ತೆ! ಊರಿಗೇ ಶೋಭೆ. ಅಲ್ಲಿ ಕಕ್ಕಸು ಕಟ್ಟಿದ್ರೆ ಚೆನ್ನಾಗಿರುತ್ತಾ ನೀನೇ ಹೇಳು. ಗೋಪುರವೇ ಸರಿ, ಅಲ್ವಾ?"

ಹೌದಪ್ಪನ ಕೈ ನಿಂತಿತು. ಅಲ್ಲ ಎಂಬ ಮಾತು ಅವನ ಗಂಟಲವರೆಗೆ ಬಂದದ್ದು ನಿಜ. ಕತ್ತಿಯ ಕೆಳಗೆ ಅಧ್ಯಕ್ಷರ ಕತ್ತು ಮಿಡಿಯುತ್ತಿತ್ತು. ಅಪ್ಪನ ಮಾತು ಅವನ ಕೈಯನ್ನೂ ನಾಲಿಗೆಯನ್ನೂ ಒಟ್ಟಿಗೇ ಹಿಡಿದುಕೊಂಡಿತು.

"ಹೌದು ಸಾರ್," ಎಂದ. ಅಂಗಡಿಯ ಮಾತು ಅಂಗಡಿಯಲ್ಲೇ ಉಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹಿಂದೊಮ್ಮೆ ಉಳಿದಿರಲಿಲ್ಲ ಎಂಬುದು ನೆನಪಿದ್ದೂ ಹೇಳಿಕೊಂಡ.

ಸಭೆಯಲ್ಲಿ ಅವಳು ನಕ್ಷೆ ಬಿಡಿಸಿ ಮಾತಿಗೆ ಎದ್ದಾಗ ಅಧ್ಯಕ್ಷರು ನಕ್ಕು ಕೈ ಎತ್ತಿದರಂತೆ. "ಕೂತ್ಕೊಳ್ಳಿ ತಾಯಿ. ನಿಮ್ಮ ಯಜಮಾನ್ರ ಹತ್ರ ನಿನ್ನೇನೇ ಮಾತಾಗಿದೆ. ಅವರೇ ಗೋಪುರಕ್ಕೆ ಒಪ್ಪಿದ್ದಾರೆ." ಅವಳು ಬಸ್ಸಿನ ಗಂಟಲಲ್ಲಿ ಕೂಗಿದಳಂತೆ, ಸದಸ್ಯೆ ನಾನು, ಅವರಲ್ಲ ಎಂದು. ಎಲ್ಲರೂ ನಕ್ಕರಂತೆ. ಗಂಡ ಹೆಂಡಿರ ಜಗಳ ಮನೆಗಿರಲಿ ಎಂದು ಯಾರೋ ಅಂದರಂತೆ. ಗೋಪುರದ ಗುತ್ತಿಗೆ ಸೋತ ಕಂಟ್ರಾಕ್ಟರನಿಗೇ ಹೋಯಿತು. ಇದನ್ನೆಲ್ಲ ಹೌದಪ್ಪನಿಗೆ ಹೇಳಿದ್ದು ಗುಮಾಸ್ತ, ಕುರ್ಚಿಯಲ್ಲಿ ಕೂತು. ಅಂದು ಹೌದಪ್ಪ ಬದುಕಿನಲ್ಲಿ ಮೊದಲ ಸಲ ಕತ್ತಿ ಕೆಳಗಿಟ್ಟು ಹೇಳಿದ: "ಅಲ್ಲ. ನನಗೇನೂ ಗೊತ್ತಿಲ್ಲ ಸಾರ್, ಎಲ್ಲಾ ಅವಳೇ. ನಾನು ಒಪ್ಪಿದ್ದು ಲೆಕ್ಕಕ್ಕೇ ಇಲ್ಲ." ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. "ದೊಡ್ಡ ಮನುಷ್ಯರೆಲ್ಲ ಹೀಗೇ ಹೇಳೋದು ಬಿಡಿ."

ವಾರದ ರಜೆಯ ಮಧ್ಯಾಹ್ನ, ಅರ್ಧ ಇಳಿಸಿದ ಷಟರಿನ ಕೆಳಗೆ ಬಗ್ಗಿ ಅವಳು ಅಂಗಡಿಯೊಳಗೆ ಬಂದಳು. ಅವನು ನೆಲ ಗುಡಿಸುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವಳು ಆ ಕುರ್ಚಿಯಲ್ಲಿ ಕೂತವಳಲ್ಲ. ಈಗ ಕೂತಳು.

"ಬಟ್ಟೆ ಹೊದಿಸಿ," ಎಂದಳು.

ಅವನು ಬಿಳಿ ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದ. 

"ಇಲ್ಲಿ ಕೂತವರು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತೀರಲ್ಲ, ನಾನೂ ಒಂದು ಕೇಳ್ತೀನಿ. ನಾನು ನಿಲ್ತೀನಿ ಅಂದ ದಿನ, ಇವಳ ಕೈಲಿ ಆಗುತ್ತೆ ಅಂತ ನಿಮಗೆ ನಿಜವಾಗ್ಲೂ ಅನ್ಸಿತ್ತಾ?"

ಅನ್ನಿಸಿತ್ತು. ಅದಕ್ಕಿಂತ ದೊಡ್ಡ ನಿಜ ಅವನ ಬಳಿ ಇನ್ನೊಂದಿರಲಿಲ್ಲ.

"ಹೌದು," ಎಂದ.

ಕನ್ನಡಿಯಲ್ಲಿ ಅವಳು ಅವನ ಮುಖವನ್ನೇ ನೋಡಿದಳು, ಬಸ್ಸಿನಲ್ಲಿ ಯಾರಾದರೂ ಕೊಟ್ಟ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೆ.  

"ಅಧ್ಯಕ್ಷರಿಗೂ ಹೀಗೇ ಅಂದ್ರಂತೆ," ಎಂದಳು. ಗಂಟನ್ನು ತಾನೇ ಬಿಚ್ಚಿಕೊಂಡು, ಬಟ್ಟೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು, ಷಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು.